ಹರಕು ಬಟ್ಟೆ ಕೋಣೆಯ ಚಿಲಕ

ಒಂದಾನೊಂದು ಊರಿನಲ್ಲಿ ಒಂದು ಬಾಗಿಲಿತ್ತು. ಆ ಬಾಗಿಲಿಗೆ ಚಿಲಕವಿರಲಿಲ್ಲ.

ಇಲ್ಲಿ ನೀವು ಹೂಂ ಅನ್ನಬೇಕು. ಅಜ್ಜಿಯ ಬಾಯಿಂದ ಕತೆ ಕೇಳುತ್ತ ಬೆಳೆದವಳು ನಾನು. ಕೇಳುವವರು ಹೂಂಗುಟ್ಟದೆ ಹೋದರೆ ಮುಂದಿನ ಸಾಲು ನಾಲಗೆಗೆ ಬರುವುದಿಲ್ಲ. ಅಜ್ಜಿಯ ಕತೆಗಳಿಗೆ ಇನ್ನೊಂದು ಕಟ್ಟುಪಾಡೂ ಇತ್ತು. ಕತೆಯೊಳಗೆ ಯಾರಾದರೂ ಮಾತು ಕೊಟ್ಟರೆ, ಕೊಟ್ಟದ್ದು ಕಪ್ಪೆಯೇ ಇರಲಿ ರಾಜಕುಮಾರನೇ ಇರಲಿ, ಆ ಮಾತು ನಡೆಯುವ ತನಕ ಕತೆ ಮುಗಿಯುವ ಹಾಗಿಲ್ಲ. ನಿದ್ದೆ ಎಷ್ಟೇ ಎಳೆದರೂ ನಾನು ಮಲಗುವ ಹಾಗಿಲ್ಲ. "ಕೊಟ್ಟ ಮಾತು ಹಾಗೇ ಬಿಟ್ಟು ಮಲಗಿದ್ರೆ ಅದು ಬಂದು ಕಾಲ್ಬೆರಳು ಎಳೆಯುತ್ತೆ ನೋಡು," ಅನ್ನುತ್ತಿದ್ದಳು. ನಾನು ಕಾಲು ಮಡಿಚಿಕೊಂಡು ಹೂಂ ಅನ್ನುತ್ತಿದ್ದೆ.

ಈ ಕತೆಯಲ್ಲಿ ಮಾತು ಕೊಟ್ಟವಳು ನಾನೇ.

ನಾನು ಜೊತೆತಾಯಿ. ಆರೋಗ್ಯ ಇಲಾಖೆಯವರು ಇಟ್ಟ ಹೆಸರು ಅದು. ತನ್ನ ಮಗುವಿಗೆ ಒಂದು ವರ್ಷವಾದರೂ ಎದೆಹಾಲು ಕುಡಿಸಿದವಳು, ಹೊಸದಾಗಿ ಹೆತ್ತವಳ ಪಕ್ಕದಲ್ಲಿ ಕೂತು, ಡಾಕ್ಟರು ಹೇಳುವ ಹಾಗಲ್ಲದೆ ಅಕ್ಕ ತಂಗಿಗೆ ಹೇಳುವ ಹಾಗೆ ಹಾಲು ಕುಡಿಸುವುದನ್ನು ಹೇಳಿಕೊಡಬೇಕು. ಹನ್ನೆರಡು ದಿನ ತರಬೇತಿ ಕೊಟ್ಟರು. ಎದೆಗೊಂದು ಬಟ್ಟೆಯ ಬಿಲ್ಲೆ ಕೊಟ್ಟರು, ಹೆಗಲಿಗೊಂದು ಚೀಲ. ಚೀಲದಲ್ಲಿ ಮಗುವಿನ ಗಾತ್ರದ ಗೊಂಬೆ, ತಾಯಿಗೊಂದರಂತೆ ಹಳದಿ ಕಾರ್ಡುಗಳು, ಮತ್ತೆ ಉಣ್ಣೆಯಲ್ಲಿ ಹೆಣೆದ ಒಂದು ಮೊಲೆ. ಒಮ್ಮೆ ಬಸ್ಸಿನಲ್ಲಿ ಚೀಲ ಮಗುಚಿ ಅದು ಉರುಳುತ್ತ ಹೋಗಿ ಕಂಡಕ್ಟರನ ಕಾಲ ಬಳಿ ನಿಂತಿತು. ಅವನು ಎತ್ತಿ, ಧೂಳು ಕೊಡವಿ, "ನಿಮ್ಮ ಟೋಪಿ ಬಿತ್ತು ನೋಡಮ್ಮ," ಅಂತ ಕೊಟ್ಟ. ನಾನೂ ಟೋಪಿಯನ್ನೇ ತೆಗೆದುಕೊಂಡವಳ ಹಾಗೆ ತೆಗೆದುಕೊಂಡೆ.

ಸಾಸಿವೆಯನ್ನು ನಾನು ಮೊದಲು ನೋಡಿದ್ದು ಹೆರಿಗೆ ವಾರ್ಡಿನಲ್ಲಿ, ಕಿಟಕಿ ಪಕ್ಕದ ಮಂಚದ ಮೇಲೆ. ಸಾಸಿವೆ ಅನ್ನುವುದು ಜೊತೆ ಕೆಲಸದ ಹೆಂಗಸರು ಇಟ್ಟ ಹೆಸರು. ಆಳು ಅಷ್ಟೇ ಗಾತ್ರ. ಚೂರು ಬಿಸಿ ತಾಗಿದರೆ ಸಾಕು, ಚಟಪಟ ಸಿಡಿಯುತ್ತಾಳೆ. ಅದೇ ಆಸ್ಪತ್ರೆಯ ನೆಲಮಾಳಿಗೆಯಲ್ಲಿ, ವಾರ್ಡುಗಳ ಬಟ್ಟೆ ಒಗೆಯುವ ಕಡೆ ಅವಳಿಗೆ ಇಸ್ತ್ರಿ ಕೆಲಸ. ಹೆತ್ತು ಎರಡು ದಿನವಾಗಿತ್ತು. ಹೆಣ್ಣು ಮಗು, ಎರಡು ಕಿಲೋ ಮೇಲೆ ಒಂದು ಹಿಡಿ. ತೊಟ್ಟು ಬಿರಿದು ರಕ್ತ ಜಿನುಗುತ್ತಿತ್ತು. ನಾನು ಚೀಲದಿಂದ ಉಣ್ಣೆಯದನ್ನು ತೆಗೆದಾಗ ಅದನ್ನೊಮ್ಮೆ ನನ್ನನ್ನೊಮ್ಮೆ ನೋಡಿದಳು.

"ಇದು ನೋಯೋದೂ ಇಲ್ಲ, ಸೋರೋದೂ ಇಲ್ಲ. ಇದನ್ನೇ ನನಗೆ ಹೊಲಿದುಬಿಡಿ ಅಕ್ಕ."

"ಸುಮ್ನೆ ಹೇಳಿದ್ದು ಕೇಳೇ," ಅಂದಳು ಮಂಚದ ಕಾಲ ಬಳಿ ಕೂತಿದ್ದ ಅವಳ ಅತ್ತೆ. "ಪಾಪ, ನಿನ್ನ ನೋಡೋಕೆ ಅಂತಾನೇ ಬಂದಿದಾರೆ."

"ನನ್ನ ನೋಡೋಕಲ್ಲ ಅತ್ತೆ. ಇವಳ ಬಾಯಿ ನೋಡೋಕೆ."

ಬಾಯಿಯನ್ನೇ ನೋಡಿದೆ. ಮಗು ತೊಟ್ಟಿನ ತುದಿಯನ್ನಷ್ಟೇ ಕಚ್ಚಿಕೊಳ್ಳುತ್ತಿತ್ತು. ಹೊಟ್ಟೆಗೆ ಹೊಟ್ಟೆ ತಾಗುವ ಹಾಗೆ ತಿರುಗಿಸಿ, ಆಕಳಿಸುವಷ್ಟು ಬಾಯಿ ಅಗಲಿಸುವ ತನಕ ಕಾದು, ಗಲ್ಲ ಎದೆಗೆ ಒತ್ತುವ ಹಾಗೆ ಹತ್ತಿರ ತರಬೇಕು. ಆರು ಸಲ ತಪ್ಪಿತು. ಏಳನೆಯ ಸಲ ಸಾಸಿವೆ ಹಲ್ಲು ಕಚ್ಚಿ ಕಣ್ಣು ಮುಚ್ಚಿದವಳು, ನೋವು ಬರಲಿಲ್ಲವೆಂದು ಒಂದು ಕಣ್ಣು ತೆರೆದಳು. ಗುಟುಕಿನ ಸದ್ದು ಕೇಳಿಸಿತು. ಅತ್ತೆ ಬಗ್ಗಿ ಕಿವಿಗೊಟ್ಟು, "ಕುಡೀತಿದಾಳೆ ಕಳ್ಳಿ," ಅಂದಳು.

ಮಗು ಕುಡಿಯುತ್ತಿದ್ದಾಗ ನಾನು ಅವರಿಗೆ ಅಜ್ಜಿಯ ಒರತೆ ಕತೆ ಹೇಳಿದೆ. ತರಬೇತಿ ಪುಸ್ತಕದಲ್ಲಿ ಎರಡು ಪುಟ ಓದಿದರೂ ತಲೆಗೆ ಹತ್ತದ್ದು ಆ ಕತೆಯಲ್ಲಿ ಹತ್ತುತ್ತದೆ. ಒಂದು ಬೆಟ್ಟದ ಬುಡದಲ್ಲಿ ಒರತೆಯೊಂದು ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಮೂರು ಹೊತ್ತೂ ಉಕ್ಕುತ್ತಿತ್ತು, ಊರೆಲ್ಲ ತುಂಬಿಕೊಳ್ಳುತ್ತಿತ್ತು. ಮಧ್ಯಾಹ್ನ ಆ ದಾರಿಯಲ್ಲಿ ರಾಜನ ಸವಾರಿ ಹೋಗುವುದು, ಕೆಸರಾಗುತ್ತದೆ, ಆ ಹೊತ್ತು ಉಕ್ಕಕೂಡದು ಅಂತ ಅಪ್ಪಣೆಯಾಯಿತು. ಒರತೆ ಪಾಪದ್ದು, ಬಿಗಿ ಹಿಡಿಯಿತು. ಮೊದಲ ದಿನ ಹೊಟ್ಟೆ ಉಬ್ಬಿತು. ಮೂರನೆಯ ದಿನ ಕಲ್ಲು ಕಾದು ಜ್ವರ ಬಂದ ಹಾಗಾಯಿತು. ಹತ್ತನೆಯ ದಿನಕ್ಕೆ ಮಧ್ಯಾಹ್ನವೆನ್ನುವುದೇ ಅದಕ್ಕೆ ಮರೆತುಹೋಯಿತು. ಆಮೇಲೆ ಸಂಜೆ ಮರೆಯಿತು, ಆಮೇಲೆ ಬೆಳಗು. ಕೊನೆಗೆ ಊರಿನ ಒಂದು ಹಸುಳೆ ತೆವಳಿಕೊಂಡು ಹೋಗಿ ಕಲ್ಲಿಗೆ ಬಾಯಿಟ್ಟು ಅತ್ತಾಗ ಒರತೆಗೆ ನೆನಪು ಮರಳಿ ಮತ್ತೆ ಉಕ್ಕಿತು.

"ಅಂದ್ರೆ ಹೊತ್ತು ಹೊತ್ತಿಗೆ ತೆಗೀತಾ ಇರಬೇಕು," ಅಂದಳು ಸಾಸಿವೆ.

"ಅಷ್ಟೇ."

"ಅಷ್ಟಕ್ಕೆ ರಾಜನ್ನ ಯಾಕೆ ಕರ್ಕೊಂಡ್ ಬಂದ್ರಿ?"

ಅವತ್ತಿನಿಂದ ಅವಳ ಬಾಯಲ್ಲಿ ನಾನು ಕತೆಯಕ್ಕ. ಮುಂದಿನ ಹನ್ನೆರಡು ವಾರ ಅವಳ ಮನೆಗೆ ಒಂಬತ್ತು ಸಲ ಹೋದೆ. ನೀವು ಅನ್ನುತ್ತಿದ್ದವಳು ನಾಲ್ಕನೆಯ ಸಲಕ್ಕೆ ನೀನು ಅನ್ನತೊಡಗಿದಳು. ಮಗುವಿನ ಮಣಿಕಟ್ಟಿನಲ್ಲಿ ದಾರ ಕಟ್ಟಿದಂಥ ಮಡಿಕೆ ಬಿತ್ತು, ತೂಕ ಎರಡರಷ್ಟಾಯಿತು. ತಕ್ಕಡಿಯ ಮುಳ್ಳು ನಿಂತ ಕೂಡಲೇ ಸಾಸಿವೆ ಮಗುವನ್ನು ಎತ್ತಿಕೊಂಡು ಪಕ್ಕದ ಮನೆಗೆ ತೋರಿಸಿ ಬಂದಳು. ವರ್ಷ ತುಂಬುವ ತನಕ ಕುಡಿಸುತ್ತೇನೆ, ಒಂದು ದಿನ ಕಡಿಮೆಯಿಲ್ಲ ಅಂದಳು.

ಹದಿಮೂರನೆಯ ವಾರ ರಜೆ ಮುಗಿಯಿತು.

ನೆಲಮಾಳಿಗೆಗೆ ನಾನು ಇಳಿದದ್ದು ಅದೇ ಮೊದಲು. ಇಪ್ಪತ್ತೆರಡು ಮೆಟ್ಟಿಲು ಇಳಿಯುವಷ್ಟರಲ್ಲಿ ಕೂದಲು ಹಣೆಗೆ ಅಂಟಿತು. ಒಂದು ಕಡೆ ಒಗೆಯುವ ಪೀಪಾಯಿಗಳು ತಿರುಗುತ್ತಿದ್ದವು, ಇನ್ನೊಂದು ಕಡೆ ಇಸ್ತ್ರಿಯ ರೋಲರು. ರೋಲರೆಂದರೆ ಆಳುದ್ದದ ಕಾದ ಉರುಳೆ. ಈ ಕಡೆ ಇಬ್ಬರು ಒದ್ದೆ ಬೆಡ್‌ಶೀಟಿನ ಎರಡು ತುದಿ ಹಿಡಿದು ಒಳಗೆ ಬಿಡುತ್ತಾರೆ, ಆ ಕಡೆ ಇಬ್ಬರು ಹೊರಗೆ ಎಳೆದು ಮಡಿಚುತ್ತಾರೆ. ಒಬ್ಬಳು ಬದಿಗೆ ಸರಿದರೆ ಹೇಗೋ ಮೂವರಲ್ಲಿ ನಡೆಯುತ್ತದೆ. ಇಬ್ಬರು ಸರಿದರೆ ರೋಲರು ನಿಲ್ಲುತ್ತದೆ. ರೋಲರು ನಿಲ್ಲಕೂಡದೆನ್ನುವುದು ಅಲ್ಲಿನ ಮೇಲ್ವಿಚಾರಕರ ಒಂದೇ ಮಂತ್ರ.

ಮಗುವನ್ನು ಅಲ್ಲಿಗೆ ತರುವ ಹಾಗಿರಲಿಲ್ಲ. ಮೊದಲ ದಿನ ಅತ್ತೆ ಎತ್ತಿಕೊಂಡು ಬಂದಾಗ ಗೇಟಿನಲ್ಲೇ ಕಾವಲುಗಾರ ತಡೆದಿದ್ದ, ಒಳಗೆ ಸೋಂಕು ತಗಲುತ್ತೆ ಅಂತ. "ಹುಟ್ಟಿದ್ದು ಇದರೊಳಗೇ ಕಣಪ್ಪ. ಆವಾಗ ತಗಲಲಿಲ್ಲ," ಅಂದು ಅತ್ತೆ ಬಿಸಿಲಲ್ಲಿ ಅರ್ಧ ಗಂಟೆ ನಿಂತು ವಾಪಸ್ಸು ಹೋಗಿದ್ದಳು. ಇನ್ನುಳಿದ ದಾರಿ ಒಂದೇ: ಎರಡು ಸಲ ಹಾಲು ಹಿಂಡಿ, ಮುಚ್ಚಳದ ಡಬ್ಬಿಯನ್ನು ಐಸಿನ ನಡುವೆ ಇಟ್ಟು ಸಂಜೆ ಮನೆಗೆ ಒಯ್ಯುವುದು. ಮರುದಿನ ಅತ್ತೆ ಅದನ್ನು ಒಳಲೆಯಲ್ಲಿ ಕುಡಿಸುತ್ತಾಳೆ. ಹಿಂಡದಿದ್ದರೆ ಏನಾಗುತ್ತದೆಂದು ಕತೆ ಹೇಳಿದವಳು ನಾನೇ.

"ಪಾಯಿಖಾನೆಗೆ ಹೋಗು ಅಂತಾರೆ," ಅಂದಳು ಸಾಸಿವೆ. "ನನ್ನ ಮಗಳ ಊಟ ನಾನು ಅಲ್ಲಿ ಕೂತು ಮಾಡಲ್ಲ. ಬಾ, ಒಂದು ಅರಮನೆ ತೋರಿಸ್ತೀನಿ."

ಅರಮನೆಯೆಂದರೆ ಹರಕು ಬಟ್ಟೆ ಕೋಣೆ. ಇನ್ನು ಹೊಲಿಯಲಾಗದ ಬೆಡ್‌ಶೀಟುಗಳನ್ನು ಒರೆಸುವುದಕ್ಕೆಂದು ಗಂಟು ಕಟ್ಟಿ ಒಟ್ಟುವ ಜಾಗ. ಒಂದು ಸ್ಟೂಲು, ಒಂದು ಬಲ್ಬು, ಒಣ ಗೋಡೆ. ಬೇಕಾದ್ದೆಲ್ಲ ಇತ್ತು, ಬಾಗಿಲಿನ ಚಿಲಕವೊಂದು ಬಿಟ್ಟು. ಹಿಂದೊಮ್ಮೆ ಇದ್ದದ್ದರ ನಾಲ್ಕು ತೂತುಗಳು ಬಾಗಿಲಲ್ಲಿದ್ದವು, ಚೌಕಟ್ಟಿನಲ್ಲಿ ಎರಡು. ಹೆಂಗಸರು ಒಳಗೆ ಹೋಗಿ ಕಾಲು ಚಾಚಿ ಕೂರುತ್ತಾರೆಂದು ಮೇಲ್ವಿಚಾರಕರು ಬಿಚ್ಚಿಸಿದ್ದರಂತೆ. ಬಾಗಿಲು ಹೊರಗಡೆಗೆ ತೆರೆಯುವಂಥದ್ದು. ಒಳಗಿನಿಂದ ಏನು ಒತ್ತಿಟ್ಟರೂ ತಡೆಯುವುದಿಲ್ಲ. ಎಳೆದು ಕಟ್ಟೋಣವೆಂದರೆ ಒಳಬದಿಗೆ ಹಿಡಿಕೆಯಿಲ್ಲ. ವಾರ್ಡುಗಳಿಂದ ಗಾಡಿ ತಳ್ಳಿಕೊಂಡು ಬರುವ ಗಂಡಸರು ಹೊತ್ತುಗೊತ್ತಿಲ್ಲದೆ ಬಂದು ಬಟ್ಟೆಯ ಗಂಟು ಎತ್ತಿಕೊಂಡು ಹೋಗುತ್ತಿದ್ದರು. ಬಾಗಿಲು ಕಾಯಲು ಜೊತೆಯವಳನ್ನು ಕರೆದರೆ ಇಬ್ಬರು ಸರಿದಂತಾಗಿ ರೋಲರು ನಿಲ್ಲುತ್ತದೆ.

ಅವತ್ತು ನಾನೇ ಹೊರಗೆ ನಿಂತು ಕಾದೆ. ಮಾರನೆಯ ದಿನವೂ ಕಾದೆ. ನನ್ನ ಕೈಯಲ್ಲಿ ಇನ್ನೂ ಹದಿನಾಲ್ಕು ತಾಯಂದಿರಿದ್ದರು, ದಿನಾ ನಿಲ್ಲುವುದಾಗುತ್ತಿರಲಿಲ್ಲ.

"ಬರೋ ಸೋಮವಾರದೊಳಗೆ ಇಲ್ಲಿ ಚಿಲಕ ಇರುತ್ತೆ," ಅಂದೆ.

"ಯಾರು ಹಾಕ್ತಾರೆ?"

"ನಾನು ಹಾಕಿಸ್ತೀನಿ."

"ಮಾತು?"

"ಮಾತು," ಅಂದೆ.

ಜೊತೆತಾಯಂದಿರಿಗೆಲ್ಲ ಹಿರಿಯರಾದ ಸಿಸ್ಟರ್ ಮೇಲಿನ ಮಹಡಿಯಲ್ಲಿದ್ದರು; ನಮಗೆ ತರಬೇತಿ ಕೊಟ್ಟವರೂ ಅವರೇ, ಕಾರ್ಡು ತೆಗೆದುಕೊಳ್ಳುವವರೂ ಅವರೇ. ನಾನು ಹೇಳಿದ್ದನ್ನು ಕೇಳಿದ ಕೂಡಲೇ ಕಾಗದ ಬರೆದರು. "ಒಂದು ಚಿಲಕ ತಾನೆ. ದುರಸ್ತಿ ಕಚೇರಿಗೆ ಇವತ್ತೇ ಕಳಿಸ್ತೀನಿ. ಸೋಮವಾರ ಅಂದಿದ್ದೀಯಾ? ಶನಿವಾರವೇ ಆಗುತ್ತೆ. ಆ ತಾಯಿಯ ಕಾರ್ಡು ಕೊಡು, ಕಾಗದದ ಜೊತೆ ಅದರ ನಕಲು ಹೋಗಬೇಕು."

ಅವತ್ತು ಮೂರು ತಿಂಗಳಿಗೊಮ್ಮೆ ಕಾರ್ಡು ಒಪ್ಪಿಸುವ ದಿನ. ಕಾರ್ಡು ತುಂಬಿರಲಿಲ್ಲ. ಅಲ್ಲೇ ಬೆಂಚಿನ ಮೇಲೆ ಕೂತು ತುಂಬತೊಡಗಿದೆ. ಕೊನೆಯ ಪ್ರಶ್ನೆ ಹೀಗಿತ್ತು: ಕೆಲಸದ ಜಾಗದಲ್ಲಿ ಹಾಲು ತೆಗೆಯಲು, ಒಳಗಿನಿಂದ ಚಿಲಕ ಹಾಕಿಕೊಳ್ಳಬಹುದಾದ ಕೋಣೆ. ಮುಂದೆ ಎರಡು ಚೌಕ, ಇದೆ ಮತ್ತು ಇಲ್ಲ.

ಸುಳ್ಳು ಬರೆಯೆಂದು ನನಗೆ ಯಾರೂ ಹೇಳಲಿಲ್ಲ. ಇಲ್ಲ ಅಂತ ಗುರುತು ಹಾಕಿದರೆ ಇನ್ನು ಮೂರು ತಿಂಗಳ ತನಕ ಅದು ಇಲ್ಲವೆಂದೇ ಉಳಿಯುತ್ತಿತ್ತು, ಚಿಲಕವೋ ಶನಿವಾರ ಬರುವುದಿತ್ತು. ನಿಜ ಹೇಳಬೇಕೆಂದರೆ ಅಷ್ಟು ಲೆಕ್ಕವನ್ನೂ ನಾನು ಹಾಕಲಿಲ್ಲ. ಕಣ್ಣಿಗೆ ಆ ಬಾಗಿಲು ಕಂಡಿತು. ಅದರ ಮೇಲೆ ಹೊಸ ಚಿಲಕ ಮಿರಮಿರ ಮಿಂಚುತ್ತಿತ್ತು, ಒಳಗೆ ಸಾಸಿವೆ ಗಂಟಿಗೆ ಒರಗಿ ಕೂತಿದ್ದಳು, ಡಬ್ಬಿ ತುಂಬುತ್ತಿತ್ತು. ಇದೆ ಅನ್ನುವ ಚೌಕಕ್ಕೆ ಗುರುತು ಹಾಕಿದೆ. ಗಾಳಿಯಲ್ಲಿ ಗೀರಿದಷ್ಟು ಹಗುರವಾಗಿ ಬಂತು ಆ ಗುರುತು.

ಸೋಮವಾರ ಹೋಯಿತು. ಅದರ ಮುಂದಿನ ಸೋಮವಾರವೂ ಹೋಯಿತು.

ಆಸ್ಪತ್ರೆಯ ಬಡಗಿಯನ್ನು ಹುಡುಕಿಕೊಂಡು ಹೋದೆ. ಕಿವಿಯ ಮೇಲೆ ಪೆನ್ಸಿಲು ಸಿಕ್ಕಿಸಿಕೊಂಡ ಹಿರಿಯ ಮನುಷ್ಯ. "ಚೀಟಿ ಬರಲಿ ತಂಗಿ. ಇದು ಸರ್ಕಾರಿ ಬಾಗಿಲು. ಚೀಟಿ ಇಲ್ದೆ ಮೊಳೆ ಹೊಡೆದ್ರೆ ಅದು ನನ್ನ ತಲೆಗೇ ಹೊಡೆದ ಹಾಗೆ." ಸಿಸ್ಟರನ್ನು ಕೇಳಿದೆ. ಕಾಗದ ಹೋಗಿದೆ, ಕಾಯೋಣ ಅಂದರು. ಕಾದೆ. ಅಜ್ಜಿಯ ಕತೆಗಳಲ್ಲಿ ಕಾಯುವವರಿಗೆ ಕೊನೆಗೊಂದು ಹಕ್ಕಿಯೋ ಮೀನೋ ಬಂದು ಸಹಾಯ ಮಾಡುತ್ತಿತ್ತು. ಆ ಅಭ್ಯಾಸ ನನ್ನಲ್ಲಿ ಎಷ್ಟು ಆಳಕ್ಕಿಳಿದಿತ್ತೆಂದು ಆಗ ಗೊತ್ತಿರಲಿಲ್ಲ.

ಕೆಳಗೆ ಸಾಸಿವೆ ಒಂದು ಕಣ್ಣು ಬಾಗಿಲ ಮೇಲಿಟ್ಟುಕೊಂಡೇ ಹಿಂಡುತ್ತಿದ್ದಳು. ಹೆದರಿಕೆಯಲ್ಲಿ ಹಾಲು ಇಳಿಯುವುದಿಲ್ಲ. ಹತ್ತು ನಿಮಿಷಕ್ಕೆ ಡಬ್ಬಿಯ ತಳ ಮುಚ್ಚುವಷ್ಟು ಬರುತ್ತಿತ್ತು. ಮೂರನೆಯ ವಾರ ಎಡಗಡೆ ಕಲ್ಲುಗಟ್ಟಿ ಜ್ವರ ಬಂತು. ಎದೆಗೆ ಒದ್ದೆ ಟವೆಲು ಸುತ್ತಿಕೊಂಡು ರೋಲರಿನ ಮುಂದೆ ನಿಂತಳು. ಅದೇ ವಾರ ಗಾಡಿಯವನೊಬ್ಬ ಬಾಗಿಲು ಎಳೆದ. ಅವನೇನು ಕೆಟ್ಟವನಲ್ಲ, ಕಂಡ ಕೂಡಲೇ ಬೆನ್ನು ತಿರುಗಿಸಿದನಂತೆ. ಆದರೆ ಊಟದ ಹೊತ್ತಿಗೆ ನೆಲಮಾಳಿಗೆಗೆಲ್ಲ ಸುದ್ದಿಯಾಗಿತ್ತು. ಮಧ್ಯಾಹ್ನ ಅವಳು ರೋಲರಿನ ಹತ್ತಿರ ಬಂದಾಗ ಪೀಪಾಯಿಗಳ ಸಂದಿಯಿಂದ ಯಾರೋ ಅಂಬಾ ಅಂದರು. ಎಲ್ಲರೂ ನಕ್ಕರು, ಹೆಂಗಸರೂ. ಆಮೇಲೆ ಅವಳು ಆ ಕೋಣೆಗೆ ಹೋಗಲಿಲ್ಲ.

"ಇನ್ನೊಂದು ನಾಲ್ಕು ದಿನ," ಅಂದೆ ನಾನು.

"ನಿನ್ನ ಒರತೆಗೆ ಎಷ್ಟು ದಿನ ಬೇಕಾಯ್ತು ಅಕ್ಕ? ಹತ್ತು ತಾನೆ?" ಅಂದಳು.

ಅವಳಿಗೆ ಇನ್ನೂ ಹೆಚ್ಚು ದಿನ ಬೇಕಾಯಿತು. ಆರನೆಯ ವಾರ ಮನೆಗೆ ಹಾಲಿನ ಪುಡಿಯ ಡಬ್ಬಿ ಬಂತು. ಮಗು ಸಂಜೆ ಎದೆಗೆ ಬಾಯಿಟ್ಟು, ಎರಡು ಸಲ ಎಳೆದು, ಸಿಟ್ಟಿನಿಂದ ಮುಖ ತಿರುಗಿಸತೊಡಗಿತು. ಏಳನೆಯ ವಾರ ನೀರಿನ ದೋಷವೋ ಬಾಟಲಿಯದೋ, ಮಗುವಿಗೆ ಭೇದಿ ಶುರುವಾಗಿ ನಾಲ್ಕು ದಿನ ಆಸ್ಪತ್ರೆಯಲ್ಲಿ ಇರಬೇಕಾಯಿತು. ನಾನು ನೋಡಲು ಹೋದಾಗ ಮಗುವಿನ ಕೈಗೆ ಸೂಜಿ ಚುಚ್ಚಿ ಪಟ್ಟಿ ಸುತ್ತಿದ್ದರು. ಮಣಿಕಟ್ಟಿನ ಮಡಿಕೆ ಕಾಣಿಸುತ್ತಿರಲಿಲ್ಲ. ಸಾಸಿವೆ ಮಂಚದ ಮೇಲಿನ ಹಾಸಿನ ಅಂಚನ್ನು ಬೆರಳಿಂದ ಒತ್ತಿ ಒತ್ತಿ ಸರಿಮಾಡುತ್ತಿದ್ದಳು.

"ಈ ಬೆಡ್‌ಶೀಟು ನಾನೇ ಇಸ್ತ್ರಿ ಮಾಡಿದ್ದು," ಅಂದಳು. "ಮೂಲೇಲಿ ತೇಪೆ ಇದೆ ನೋಡು. ಗುರುತು ಸಿಕ್ತು."

ಮಗು ಉಳಿಯಿತು. ಅದನ್ನು ಮೊದಲೇ ಹೇಳಿಬಿಡುತ್ತೇನೆ, ನೀವು ಉಸಿರು ಬಿಗಿಹಿಡಿಯುವುದು ಬೇಡ.

ಮಗುವನ್ನು ಮನೆಗೆ ಕರೆದೊಯ್ದ ಮರುದಿನ ಆಸ್ಪತ್ರೆಯ ಮುಂಬಾಗಿಲಲ್ಲಿ ಬಡಗಿ ಏಣಿ ಹತ್ತಿದ್ದ. ಹಿತ್ತಾಳೆ ಬಣ್ಣದ ದೊಡ್ಡ ಫಲಕ, ನಡುವೆ ತಾಯಿ ಮಗುವಿನ ಚಿತ್ರ, ಕೆಳಗೆ 'ಎದೆಹಾಲಿಗೆ ಜೊತೆ ನಿಂತ ಆಸ್ಪತ್ರೆ' ಅನ್ನುವ ಅಕ್ಷರ. ಇಲಾಖೆಯವರು ಜೊತೆತಾಯಂದಿರ ಕಾರ್ಡುಗಳನ್ನೆಲ್ಲ ನೋಡಿ ಕೊಟ್ಟದ್ದೆಂದು ಜನ ಮಾತಾಡಿಕೊಳ್ಳುತ್ತಿದ್ದರು.

"ಇದಕ್ಕೆ ಚೀಟಿ ಬಂತಾ?" ಅಂತ ಕೆಳಗಿನಿಂದ ಕೇಳಿದೆ.

"ಎರಡೇ ದಿನಕ್ಕೆ ಬಂತು. ಸ್ಕ್ರೂ ಕೂಡ ಹೊಸಾದು," ಅಂದ. ನನ್ನ ಮುಖ ನೋಡಿ ಏಣಿಯಿಂದ ಒಂದು ಮೆಟ್ಟಿಲು ಇಳಿದ. "ನಿನ್ನ ಚಿಲಕದ್ದು ಎಲ್ಲಿ ಸಿಕ್ಕಿಬಿದ್ದಿದೆ ಅಂತ ದುರಸ್ತಿ ಕಚೇರೀಲೇ ಹೋಗಿ ಕೇಳು ತಂಗಿ. ಕಾಗದಕ್ಕೆ ಕಾಲಿಲ್ಲ, ನಿನಗಿದೆ."

ದುರಸ್ತಿ ಕಚೇರಿಯ ಗುಮಾಸ್ತ ಒಂದು ಕಡತ ಎಳೆದು, ಬಾಯಿಂದ ಊದಿ, ಬಿಚ್ಚಿದ. ಸಿಸ್ಟರ್ ಬರೆದ ಕಾಗದ ಇತ್ತು. ಅದರ ಮೇಲೆ ಅಡ್ಡಕ್ಕೆ ಕೆಂಪು ಶಾಯಿಯಲ್ಲಿ ಬರೆದಿತ್ತು: ಲಗತ್ತಿಸಿದ ಕಾರ್ಡಿನ ಪ್ರಕಾರ ಚಿಲಕ ಇದೆ, ಕೆಲಸದ ಅಗತ್ಯವಿಲ್ಲ, ಮುಕ್ತಾಯಗೊಳಿಸಿದೆ. ಏಳು ವಾರದ ಹಿಂದಿನ ತಾರೀಕು. ಅದರ ಹಿಂದೆ ನನ್ನ ಹಳದಿ ಕಾರ್ಡಿನ ನಕಲು. ನಕಲಿನಲ್ಲಿ ಹಳದಿ ಬಂದಿರಲಿಲ್ಲ, ಗುರುತು ಮಾತ್ರ ಕಡುಕಪ್ಪಾಗಿ ಬಂದಿತ್ತು.

"ಇದೆ ಅಂದ್ಮೇಲೆ ಮತ್ತೆ ಯಾಕಮ್ಮ ಹಾಕೋದು?" ಅಂದ ಗುಮಾಸ್ತ. "ಒಂದು ಬಾಗಿಲಿಗೆ ಎರಡು ಚಿಲಕನಾ?"

ಅವನು ತಮಾಷೆಗೆ ಅಂದದ್ದಲ್ಲ. ಮತ್ತೆ ಹೊಸ ಕಾಗದ ಕೊಟ್ಟರೆ ಮೂರು ವಾರದಲ್ಲಿ ಆಗಬಹುದೆಂದೂ ಹೇಳಿದ.

ಮನೆಗೆ ಬಂದೆ. ನನ್ನ ಮಗಳು ಚಾಪೆಯ ಮೇಲೆ ಮಲಗಿದ್ದಳು, ನನ್ನ ಅಜ್ಜಿ ಪಕ್ಕದಲ್ಲಿ ಕೂತು ಅವಳ ಅಂಗಿಗೆ ಗುಂಡಿ ಹಾಕುತ್ತಿದ್ದಳು. ನಾನು ಬಾಗಿಲಿಗೆ ಒರಗಿ ಕೇಳಿದೆ.

"ಅಜ್ಜಿ, ಆ ಒರತೆ ಕತೇಲಿ ಹಸುಳೆ ಹೋಗಿ ಅತ್ತ ಮೇಲೆ, ನೀರು ಬರೋಕೆ ಎಷ್ಟು ದಿನ ಆಯ್ತು?"

ಅಜ್ಜಿ ದಾರವನ್ನು ಹಲ್ಲಿನಿಂದ ಕಡಿದಳು. "ಯಾವ ಹಸುಳೆ? ಓ, ಅದಾ. ಅದು ನಾನು ಸೇರಿಸಿದ್ದು ಕಣೆ. ನೀನು ಒಂದೇ ಸಮ ಅಳ್ತಿದ್ದೆ, ಮಲಗ್ತಿರಲಿಲ್ಲ. ನನಗೆ ನಮ್ಮಜ್ಜಿ ಹೇಳಿದ ಕತೇಲಿ ಹಸುಳೆ ಇಲ್ಲ."

"ಮತ್ತೆ ಏನಿದೆ?"

"ಕಲ್ಲಿದೆ."

ಗುಂಡಿಯನ್ನು ಎಳೆದು ಗಟ್ಟಿಯಿದೆಯೇ ಎಂದು ನೋಡುತ್ತ, "ಯಾಕೆ, ಅದನ್ನ ಯಾರಿಗಾದ್ರೂ ಹೇಳಿದ್ಯಾ?" ಅಂದಳು. ನಾನು ಹೇಳಿದೆ, ಒರತೆಯದೂ, ಚಿಲಕದ್ದೂ, ಕಾರ್ಡಿನದೂ. ಅಜ್ಜಿ ಹೂಂಗುಟ್ಟಲಿಲ್ಲ. ಮುಗಿದ ಮೇಲೆ ಇಷ್ಟೇ ಅಂದಳು: "ಅಂಗಡೀಲಿ ಸಿಗೋ ವಸ್ತು. ಅದಕ್ಕೆ ಯಾವ ರಾಜನ ಅಪ್ಪಣೆ ಕಾದೆ ಪುಟ್ಟಿ?"

ಮರುದಿನ ಸಿಸ್ಟರ್ ಹತ್ತಿರ ಹೋಗಿ ನಡೆದದ್ದು ಹೇಳಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಬೈಯಲಿಲ್ಲ. ನಿಂತ ಹಾಲನ್ನು ಮತ್ತೆ ಬರಿಸಬಹುದು, ಹೋಗಿ ಹೇಳು ಅಂದರು. ಅದು ನಿಜವೂ ಹೌದು, ನಮ್ಮ ತರಬೇತಿಯಲ್ಲೇ ಕಲಿಸಿದ್ದರು. ಆ ಒಂದು ಮಾತನ್ನು ಹಿಡಿದುಕೊಂಡು ಸಾಸಿವೆಯ ಮನೆಗೆ ಹೋದೆ.

ಅತ್ತೆ ಮಗುವಿಗೆ ಬಾಟಲಿ ಹಿಡಿದಿದ್ದಳು. ಸಾಸಿವೆ ನೆಲದ ಮೇಲೆ ಕೂತು ಪುಡಿಯ ಡಬ್ಬಿಯ ಮೇಲಿನ ಅಕ್ಷರ ಓದುತ್ತಿದ್ದಳು.

"ಮತ್ತೆ ಬರಿಸಬಹುದು," ಅಂದೆ. "ಖಾಲಿಯಿದ್ರೂ ಪರವಾಗಿಲ್ಲ, ಎರಡು ಗಂಟೆಗೊಮ್ಮೆ ಮಗುವನ್ನ ಎದೆಗೆ ಹಾಕಬೇಕು, ಇಲ್ಲ ಅಂದ್ರೆ ಕೈಯಲ್ಲಿ ಹಿಂಡಬೇಕು. ಮೂರು ನಾಲ್ಕು ವಾರದಲ್ಲಿ..."

"ಎರಡು ಗಂಟೆಗೊಮ್ಮೆ," ಅಂದಳು ಸಾಸಿವೆ. ಡಬ್ಬಿಯಿಂದ ಕಣ್ಣೆತ್ತಲಿಲ್ಲ. "ಯಾವ ಕೋಣೇಲಿ?"

ಆಮೇಲೆ ನಾನು ಕಾರ್ಡಿನ ವಿಷಯ ಹೇಳಿದೆ. ಎಲ್ಲಿಂದ ಶುರು ಮಾಡುವುದೆಂದು ತಿಳಿಯದೆ, ಬೆಂಚಿನಿಂದ ಶುರು ಮಾಡಿ ಕೆಂಪು ಶಾಯಿಯ ತನಕ ಹೇಳಿದೆ. ಮಗು ಚುಯ್ ಚುಯ್ ಎಂದು ಬಾಟಲಿ ಎಳೆಯುತ್ತಿತ್ತು. ಬೈಯಲಿ ಅಂತ ಕಾದೆ. ಅವಳು ಸಿಡಿದಿದ್ದರೆ ನಾನು ಉಳಿದುಕೊಳ್ಳುತ್ತಿದ್ದೆ.

"ನೀವು ಕತೆ ಚೆನ್ನಾಗಿ ಹೇಳ್ತೀರಿ ಅಕ್ಕ," ಅಂದಳು.

ನೀವು ಅಂದಳು. ವಾರ್ಡಿನ ಮಂಚದಲ್ಲಿ ಮೊದಲ ದಿನ ಅಂದ ಹಾಗೆ.

"ನಮ್ಮ ಹುಡುಗಿ ಗೇಟಿನಿಂದ ಆಚೆ ಅಳ್ತಿತ್ತು," ಅಂದಳು ಅತ್ತೆ, ನನ್ನ ಕಡೆ ನೋಡದೆ, ಮಗುವಿಗೇ ಹೇಳುವ ಹಾಗೆ. "ಕಾವಲುಗಾರ ಬಿಡಲಿಲ್ಲ ಅಂತ ಅವನಿಗೆ ದಿನಾ ಶಾಪ ಹಾಕಿದೆ. ಪಾಪ, ಅವನು ಮುಖಕ್ಕೇ ಇಲ್ಲ ಅಂದಿದ್ದ."

ನಾನು ಎದ್ದೆ. ಹೊಸ್ತಿಲ ತನಕ ಬಂದಾಗ ಸಾಸಿವೆ ಹಿಂದಿನಿಂದ ಕರೆದಳು.

"ಚಿಲಕ ಹಾಕ್ತೀನಿ ಅಂತ ಮಾತು ಕೊಟ್ಟಿದ್ರಿ."

"ಹೂಂ."

"ಹಾಕಿ. ನನಗೆ ಇನ್ನು ಬೇಡ. ಆದ್ರೂ ಹಾಕಿ. ನೀವು ಬರೆದಿದ್ದಾದ್ರೂ ನಿಜ ಆಗಲಿ."

ನಮ್ಮ ಬೀದಿಯ ಕೊನೆಯಲ್ಲಿ ಕಬ್ಬಿಣದ ಸಾಮಾನಿನ ಅಂಗಡಿ. ದಿನಾ ಅದರ ಮುಂದೆಯೇ ಬಸ್ಸಿಗೆ ನಿಲ್ಲುತ್ತಿದ್ದೆ. ಅಂಗಡಿಯವನು ಒಂದು ಬೆರಳುದ್ದದ ಚಿಲಕವನ್ನು ಕಾಗದದಲ್ಲಿ ಸುತ್ತಿ ಕೊಟ್ಟ, ಕೇಳಿ ಕೊಳ್ಳುವುದಕ್ಕೆ ಎರಡು ನಿಮಿಷವೂ ಆಗಲಿಲ್ಲ. ಅದರ ಜೊತೆ ಬಂದ ಸ್ಕ್ರೂಗಳು ಹಳೆಯ ತೂತಿಗೆ ಸಡಿಲ ಅಂತ ಆಸ್ಪತ್ರೆಯಲ್ಲಿ ನೋಡಿದ ಮೇಲೆ ಗೊತ್ತಾಯಿತು. ಬಡಗಿಯ ಹತ್ತಿರ ಹೋದೆ. ಅವನು ಚೀಟಿ ಕೇಳಲಿಲ್ಲ. ಜೇಬಿನಿಂದ ಹಿತ್ತಾಳೆಯ ದಪ್ಪ ಸ್ಕ್ರೂಗಳನ್ನು ತೆಗೆದು ನನ್ನ ಅಂಗೈಯಲ್ಲಿಟ್ಟ. "ಫಲಕದಲ್ಲಿ ಉಳಿದವು. ಸ್ಕ್ರೂಡ್ರೈವರು ಸಂಜೆಯೊಳಗೆ ವಾಪಸ್ ಕೊಡು. ನಾನು ನಿನ್ನ ನೋಡಿಲ್ಲ."

ಮತ್ತೆ ಇಪ್ಪತ್ತೆರಡು ಮೆಟ್ಟಿಲು ಇಳಿದೆ. ಮಧ್ಯಾಹ್ನದ ಹೊತ್ತು. ಮೇಲ್ವಿಚಾರಕರು ನನ್ನ ಬಿಲ್ಲೆಯನ್ನೂ ಕೈಯಲ್ಲಿದ್ದುದನ್ನೂ ನೋಡಿ ಏನೋ ಹೇಳಲು ಬಂದವರು, ಮುಂಬಾಗಿಲ ಫಲಕ ನೆನಪಾಯಿತೋ ಏನೋ, ಹಿಂದಕ್ಕೆ ಹೋದರು. ಏಳೆಂಟು ವಾರ ನಾನು ಚೀಟಿಯಿಲ್ಲದೆ ಬಾಗಿಲು ಮುಟ್ಟಲು ಹೆದರಿದ್ದು ಇಷ್ಟಕ್ಕೇ.

ಮೊದಲ ಸ್ಕ್ರೂ ಓರೆಯಾಗಿ ಹೋಯಿತು. ತೆಗೆದು ಮತ್ತೆ ಹಾಕಿದೆ. ಅಂಗೈ ಬೆವರಿ ಹಿಡಿ ಜಾರುತ್ತಿತ್ತು, ಹರಕು ಬಟ್ಟೆಯ ಚೂರೊಂದನ್ನು ಸುತ್ತಿಕೊಂಡೆ. ಬಾಗಿಲಿಗೆ ನಾಲ್ಕು, ಚೌಕಟ್ಟಿಗೆ ಎರಡು. ಇಡೀ ಕೆಲಸಕ್ಕೆ ಹಿಡಿದದ್ದು, ಸಾಸಿವೆಗೆ ದಿನಕ್ಕೆ ಎರಡು ಸಲ ಬೇಕಾಗಿದ್ದಷ್ಟು ಹೊತ್ತು. ಆರನೆಯ ಸ್ಕ್ರೂ ಬಿಗಿಯಾದಾಗ ಹಿಂದೆ ಯಾರೋ ನಿಂತ ಹಾಗಾಯಿತು. ತಿರುಗಿದೆ. ಸಾಸಿವೆ, ಹೆಗಲ ಮೇಲೆ ಬೆವರಿನ ಟವೆಲು. ರೋಲರಿನಲ್ಲಿ ಮೂವರಿದ್ದರು, ಅದು ನಡೆಯುತ್ತಿತ್ತು.

ನಾನು ಬದಿಗೆ ಸರಿದೆ. ಅವಳು ಚಿಲಕವನ್ನು ಒಮ್ಮೆ ಎಳೆದಳು, ಒಮ್ಮೆ ತಳ್ಳಿದಳು. ಒಳಗೆ ಹೋದಳು. ಬಾಗಿಲು ಎಳೆದುಕೊಳ್ಳಲು ಹಿಡಿಕೆಯೇ ಇರಲಿಲ್ಲವಲ್ಲ, ಚಿಲಕದ ಮೂತಿಯನ್ನೇ ಹಿಡಿದು ಎಳೆದುಕೊಂಡಳು. ಒಳಗಿನಿಂದ ಕಟಕ್ ಅಂತ ಸದ್ದಾಯಿತು. ಆಮೇಲೆ ಸ್ಟೂಲು ಸರಿದ ಸದ್ದು. ನಾನು ಸ್ಕ್ರೂಡ್ರೈವರು ಹಿಡಿದುಕೊಂಡು ಹೊರಗೆ ನಿಂತೆ.

ಗಾಡಿಯವನು ಬಂದ. ನನ್ನನ್ನು ದಾಟಿ, ಎಂದಿನ ಹಾಗೆ ಬಾಗಿಲು ಎಳೆದ. ಅದು ಬರಲಿಲ್ಲ. ಅವನು ಬಾಗಿಲನ್ನು ಮೇಲಿನಿಂದ ಕೆಳಗೆ ನೋಡಿ, ಕೈಯಿಂದ ತಟ್ಟಿದ.

"ಯಾರು ಒಳಗೆ?"

"ನಾನು," ಅಂದಳು ಸಾಸಿವೆ.

"ಏನ್ ಮಾಡ್ತಿದ್ದೀಯಮ್ಮ?"



"ಏನೂ ಇಲ್ಲ."

ಅವನು ಇನ್ನೊಮ್ಮೆ ಎಳೆದು ನೋಡಿದ. ಚಿಲಕ ಹಿಡಿದುಕೊಂಡಿತು.